ಮುಳ್ಳಿಲ್ಲದ ಕುಸುಬಿ

"ಮುಳ್ಳಿಲ್ಲದ ಕುಸುಬಿ ಅಂದ್ರ ಅದೆಂಥಾ ಕುಸುಬಿ? ನನಗ್ಯಾಕೋ ಮೋಸ ಕಾಣತೈತಿ."

ದೊಡವಾಡದ ಶೆಟ್ಟೆವ್ವ ಹೀಗೆ ಅಂದದ್ದು, ಸೊಸೆ ಮಾಲಾ ಬೈಲಹೊಂಗಲದಿಂದ ಹೊಸ ತಳಿಯ ಬೀಜ ತಂದ ದಿನ. ಬೀಜವನ್ನು ಅಂಗೈಯಲ್ಲಿ ತಿಕ್ಕಿದಳು, ಮೂಸಿದಳು. ತಪ್ಪು ಸಿಗಲಿಲ್ಲ. ಸಿಗದೆ ಹೋದದ್ದಕ್ಕೇ ಸಂಶಯ ಇನ್ನಷ್ಟು ಹೆಚ್ಚಾಯಿತು.

"ಎಣ್ಣಿ ಹೆಚ್ಚ ಬರತೈತ್ರಿ ಅತ್ತಿ. ಕೊಯ್ಯೂಮುಂದ ಕೈಕಾಲಿಗೆ ಅರಿವಿ ಸುತ್ತಕೊಳ್ಳೂದೂ ತಪ್ಪತೈತಿ. ನಡು ಹೊಲದಾಗ ಒಂದ ಪಟ್ಟಿ ಹಾಕೂಣ್ರಿ," ಎಂದಳು ಮಾಲಾ.

ನಡು ಹೊಲವೆಂದರೆ ಬಿಳಿಜೋಳದ ಜಾಗ, ಮನೆಯ ವರ್ಷದ ರೊಟ್ಟಿ. ಗುರುತು ಪರಿಚಯವಿಲ್ಲದ ಬೀಜಕ್ಕೆ ಅದನ್ನು ಬಿಟ್ಟುಕೊಡಲು ಶೆಟ್ಟೆವ್ವನಿಗೇನು ಹುಚ್ಚೇ? ಕುಸುಬಿ ಯಾವತ್ತೂ ಇರುವುದು ಹೊಲದ ಅಂಚಿಗೆ, ಜೋಳ ಕಾಯುವ ಮುಳ್ಳುಬೇಲಿಯಾಗಿ. ಹಟ ಹಿಡಿದು ಹೊಸ ಬೀಜವನ್ನೂ ಅಲ್ಲೇ ಬಿತ್ತಿಸಿದಳು.

ಜೋಳ ತೆನೆಗಟ್ಟಿತು. ಒಂದು ಬೆಳಿಗ್ಗೆ ಅತ್ತೆ ಸೊಸೆ ಹೊಲಕ್ಕೆ ಹೋದರೆ, ಒಂದು ಮಗ್ಗುಲಿನ ಜೋಳವನ್ನೆಲ್ಲ ದನಗಳು ಮೇದು ತುಳಿದುಹಾಕಿದ್ದವು. ಯಾರ ಕೆಲಸವೆಂದು ಶೆಟ್ಟೆವ್ವನಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಪಕ್ಕದ ಹೊಲದ ಕಾಂತೇಶ ನಿನ್ನೆ ತಾನಾಗಿ ನಕ್ಕು ಮಾತಾಡಿಸಿದ್ದ. ಸುಮ್ಮಸುಮ್ಮನೆ ಯಾರಾದರೂ ನಗುತ್ತಾರೆಯೇ?

"ತಡೀರಿ ಅತ್ತಿ, ಮೊದಲ ವಿಚಾರಸೂಣು," ಎಂದು ಮಾಲಾ ಅನ್ನುವಷ್ಟರಲ್ಲಿ ಶೆಟ್ಟೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕುಸುಬಿಯ ಸಾಲುಗಳಲ್ಲೇ ನೆಟ್ಟಗೆ ಹಾಯ್ದು, ಕಾಂತೇಶನ ಮುಂದೆ ನಿಂತಾಗಿತ್ತು.

"ಬೇಕಂತನ ನಮ್ಮ ಜ್ವಾಳದಾಗ ಎತ್ತ ಬಿಟ್ಟೀಯೇನಲೇ?"

"ಹಗ್ಗಾ ಹರಕೊಂಡ ಹೋಗ್ಯಾವ ದೊಡ್ಡವ್ವಾ, ತಪ್ಪಾತು. ಹೇಳಾಕ ನಿಮ್ಮ ಕಡೇನ ಬರಾಕ ಹತ್ತಿದ್ದೆ. ಕುಸುಬಿ ದಾಟತಾವಂತ ನನಗ ಅನಿಸಿರಲಿಲ್ಲ."

"ಸುಳ್ಳ ಹೇಳಬ್ಯಾಡ! ಕುಸುಬ್ಯಾಗ ಎಲ್ಲೆರೆ ದನಾ ಹಾಯ್ತಾವೇನು? ನೀನ ದಾರಿ ಮಾಡಿ ಹೊಗಿಸೀದಿ."

ಕಾಂತೇಶ ಅವಳ ಕಾಲುಗಳತ್ತ ನೋಡಿದ. ದನಿ ಏರಿಸಲಿಲ್ಲ.

"ನೀವು ಹೆಂಗ ಹಾದ ಬಂದ್ರಿ ದೊಡ್ಡವ್ವಾ?"

ಶೆಟ್ಟೆವ್ವ ಬಗ್ಗಿ ನೋಡಿಕೊಂಡಳು. ಬರಿಗಾಲಿಗೆ ಒಂದು ಗೀರೂ ಬಿದ್ದಿರಲಿಲ್ಲ. ಸೀರೆಯ ಒಂದು ಎಳೆಯೂ ಕಿತ್ತಿರಲಿಲ್ಲ. ನಾಚಿಕೆಯಿಂದ ಮುಖ ಸುಟ್ಟ ಹಾಗಾಯಿತು.

ಬರುವಾಗ ಕುಸುಬಿಯಲ್ಲಿ ಹಾಯಲಿಲ್ಲ. ಬದು ಸುತ್ತಿಕೊಂಡು ನಿಧಾನ ಬಂದಳು. ಬಿದ್ದ ತೆನೆಗಳನ್ನು ಆರಿಸುತ್ತಿದ್ದ ಮಾಲಾ ತಲೆ ಎತ್ತಿ ಕೇಳಿದಳು:

"ಅವನ ಎತ್ತಾ ಏನ್ರಿ ಅತ್ತಿ?"

"ಯಾರ ಎತ್ತಾದ್ರೇನವಾ," ಎಂದು ಶೆಟ್ಟೆವ್ವ ಅವಳ ಪಕ್ಕದಲ್ಲಿ ಕುಕ್ಕರಿಸಿ ತೆನೆಗೆ ಕೈ ಹಾಕಿದಳು. "ಬಾಗಲಾ ತಗದಿಟ್ಟಾಕಿ ನಾನ."