ಬುತ್ತಿಗಂಟು ಬಿದ್ದ ಬಾವುಟ

ಆ ಊರಿಗೆ ಬಂದು ಅಧ್ಯಕ್ಷರ ಮನೆ ಯಾವುದು ಎಂದು ಕೇಳಿದರೆ ಯಾರಾದರೂ ಮುಸ್ತಾಕನ ಮನೆ ತೋರಿಸುತ್ತಿದ್ದರು. ಮನೆ ಸರಿ, ಮನುಷ್ಯ ಮಾತ್ರ ತಪ್ಪು. ಗ್ರಾಮ ಪಂಚಾಯ್ತಿಗೆ ಆರಿಸಿ ಬಂದು ಅಧ್ಯಕ್ಷೆಯಾದವಳು ಅವನ ಹೆಂಡತಿ ಕೌಸರ. ಆದರೂ ಬಾಗಿಲಲ್ಲಿ "ಅಧ್ಯಕ್ಷರು ಅದಾರೇನ್ರಿ?" ಎಂದು ಯಾರಾದರೂ ಕೂಗಿದರೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬರುತ್ತಿದ್ದವನು ಮುಸ್ತಾಕ. ಅವನೇನೂ ಕೆಟ್ಟವನಲ್ಲ. ಗೋವಿನಜೋಳದ ವ್ಯಾಪಾರ ಮಾಡಿಕೊಂಡು, ನಾಲ್ಕು ಮಂದಿಯೊಂದಿಗೆ ನಗುನಗುತ್ತ ಇರುವ ಗಂಡಸು. ಊರು ಅವನನ್ನು ಅಧ್ಯಕ್ಷ ಎಂದಿತು, ಅವನು ಅಲ್ಲ ಎನ್ನಲಿಲ್ಲ. ಹೊಗಳಿಕೆ ಬೇಡ ಎನ್ನಲು ಯಾರಿಗೆ ನಾಲಿಗೆ ಬರುತ್ತದೆ?

ಹೋದ ವರ್ಷ ಆಗಸ್ಟ್ ಹದಿನೈದರಂದು ಧ್ವಜದ ಹಗ್ಗವನ್ನೂ ಅವನೇ ಜಗ್ಗಿದ್ದ. ಕೌಸರ ಪಕ್ಕದಲ್ಲಿ ಹೂವಿನ ತಟ್ಟೆ ಹಿಡಿದು ನಿಂತಿದ್ದಳು. ಮರುದಿನ ಪೇಪರಿನಲ್ಲಿ ಅಧ್ಯಕ್ಷರಿಂದ ಧ್ವಜಾರೋಹಣ ಎಂದು ಫೋಟೋ ಬಂತು. ಅದರಲ್ಲಿ ಮುಸ್ತಾಕ ಪೂರ್ತಿ ಇದ್ದ, ಕೌಸರಳ ಮೊಣಕೈ ಇತ್ತು. ಓಣಿಯ ಹೆಂಗಸರು ಆ ಮೊಣಕೈಯನ್ನು ಗುರುತು ಹಿಡಿದು ಒಂದು ವಾರ ನಕ್ಕರು. ಕೌಸರಳೂ ನಕ್ಕಳು, ಆದರೆ ಒಳಗೆ ಚುರುಕ್ ಎಂದಿತ್ತು. ಮುಂದಿನ ವರ್ಷದ ಆಗಸ್ಟ್ ಬರುವಷ್ಟರಲ್ಲಿ ಅವಳ ಅವಧಿ ಮುಗಿಯುತ್ತದೆ. ಹಗ್ಗ ಜಗ್ಗುವುದಿದ್ದರೆ ಈ ವರ್ಷವೇ, ಇಲ್ಲವಾದರೆ ಇಲ್ಲ.

ಊಟಕ್ಕೆ ಬಡಿಸುತ್ತ ಈ ಮಾತನ್ನು ಗಂಡನ ಕಿವಿಗೆ ಹಾಕಿದಳು.

"ಜಗ್ಗು, ಬ್ಯಾಡ ಅಂದವ್ರು ಯಾರು?" ಎಂದ ಮುಸ್ತಾಕ. "ಆದ್ರ ಬಾವುಟದ ಗಂಟು ಬಿಚ್ಚಲಿಲ್ಲಂದ್ರ ಊರ ಮಂದಿ ಏನಂತಾರ, ಅದನ್ನೂ ವಿಚಾರ ಮಾಡು."

ಏನನ್ನುತ್ತಾರೆಂದು ಕೌಸರಳಿಗೆ ಗೊತ್ತಿತ್ತು. ಗಂಡಸಿನ ಕೈಯಲ್ಲಿ ಗಂಟು ಸಿಕ್ಕಿದರೆ ತಪ್ಪು ಹಗ್ಗದ್ದು, ಹೆಂಗಸಿನ ಕೈಯಲ್ಲಿ ಸಿಕ್ಕಿದರೆ ತಪ್ಪು ಹೆಂಗಸಿನದು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅತ್ತೆ ರೋಶನಬಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕೌಸರಳಿಗೆ ಹೆಚ್ಚು ಚುಚ್ಚಿದ್ದು ಅದೇ. ಅತ್ತೆ ಬೈದರೆ ತಿರುಗಿ ಒಂದು ಮಾತಾಡಬಹುದು, ಸುಮ್ಮನಿದ್ದರೆ ಏನು ಮಾಡುವುದು? ಎಷ್ಟಾದರೂ ಮಗನ ಕಡೆಯವಳು ಎಂದುಕೊಂಡಳು.

ಗಂಟು ಕಲಿಸಲು ಶಿದ್ಲಿಂಗಪ್ಪ ಮಾಸ್ತರರು ಒಪ್ಪಿದರು. ನಿವೃತ್ತರಾಗಿ ವರ್ಷಗಳಾಗಿದ್ದರೂ ಊರಿನ ಧ್ವಜದ ಕಾರುಬಾರು ಅವರದೇ. ನೀರು ಕೇಳಿದವರಿಗೆ ಬಾವಿ ತೋಡಿದ ಕಥೆ ಹೇಳಿ ಆಮೇಲೆ ನೀರು ಕೊಡುವ ಮನುಷ್ಯ. ಪಂಚಾಯ್ತಿ ಕಟ್ಟೆಯ ಮೇಲೆ ಕುಳಿತು ಮೊದಲು ಇತಿಹಾಸಕ್ಕೇ ಕೈ ಹಾಕಿದರು. ಈ ಬಟ್ಟೆಯ ನೂಲು ನಮ್ಮ ಧಾರವಾಡದ ಗರಗದ ಕಡೆಯದು, ಹೊಲಿದದ್ದು ಹುಬ್ಬಳ್ಳಿಯ ಬೆಂಗೇರಿಯಲ್ಲಿ, ದೇಶದ ಬಾವುಟ ನಮ್ಮ ಮಗ್ಗುಲಲ್ಲೇ ಹುಟ್ಟುತ್ತದೆ ಎಂದರು. ಕೇಸರಿ ಮೇಲೆ, ಹಸಿರು ಕೆಳಗೆ, ಬಾವುಟ ನೆಲಕ್ಕೆ ತಾಗಬಾರದು, ಒಳಗೆ ಹೂವಿನ ಎಸಳು ಬಿಟ್ಟರೆ ಬೇರೇನೂ ಇಡಬಾರದು ಎಂದರು. ಮೊದಲು ನಡುವೆ ಇದ್ದದ್ದು ಚರಕ, ಸ್ವಾತಂತ್ರ್ಯ ಬರುವ ಕೆಲವೇ ವಾರ ಮುಂಚೆ ಅದರ ಜಾಗಕ್ಕೆ ಚಕ್ರ ಬಂತು ಎಂದೂ ಹೇಳಿದರು.

ಕೌಸರ ಯಾಕೆಂದು ಕೇಳಿದಳು.

"ಚರಕದ ಚಿತ್ರ ಒಂದು ಮಗ್ಗಲಿಂದ ನೋಡಿದ್ರ ನೆಟ್ಟಗ, ಇನ್ನೊಂದು ಮಗ್ಗಲಿಂದ ನೋಡಿದ್ರ ತಿರುಗಾಮುರುಗಾ," ಎಂದರು ಮಾಸ್ತರರು. "ಚಕ್ರ ಹಂಗಲ್ರಿ. ಯಾವ ಮಗ್ಗಲಿಂದ ನೋಡಿದ್ರೂ ಒಂದ."

ಆ ಮಾತು ಕೌಸರಳಿಗೆ ಬಹಳ ಹಿಡಿಸಿತು. ಯಾವ ಮಗ್ಗುಲಿಂದ ನೋಡಿದರೂ ಒಂದೇ! ನಮ್ಮ ಮನೆಯನ್ನೂ ಯಾರಾದರೂ ಹಾಗೆ ನೋಡಬಾರದೇ ಅನ್ನಿಸಿತು.

ಕೊನೆಗೂ ಮಾಸ್ತರರು ಜಾರುಗಂಟು ತೋರಿಸಿಕೊಟ್ಟರು. ಅಂದಿನಿಂದ ಕೌಸರ ಹಿತ್ತಲಿನ ಬಟ್ಟೆ ಹಗ್ಗಕ್ಕೆ ಹಳೆಯ ಓಢಣಿ ಕಟ್ಟಿ, ಒಳಗೆ ದಾಸವಾಳದ ಎಸಳು ತುಂಬಿ, ದಿನವೂ ಗಂಟು ಹಾಕಿ ಜಗ್ಗತೊಡಗಿದಳು. ಬಾವಿಯಿಂದ ನೀರು ಸೇದುವ ಕೈಗೆ ಜಗ್ಗುವುದು ಹೊಸದಲ್ಲ, ಹಗುರಾಗಿ ಜಗ್ಗುವುದು ಹೊಸದು. ರೋಶನಬಿ ಅಕ್ಕಿ ಆರಿಸುತ್ತ ಎಲ್ಲವನ್ನೂ ನೋಡುತ್ತಿದ್ದಳು. ಆಗಲೂ ಮಾತಿಲ್ಲ.

ಹದಿನೈದರ ಮುಂಜಾನೆ ಕೌಸರ ಜಳಕ ಮಾಡಿ, ಬಾವುಟದಲ್ಲಿ ಚೆಂಡುಹೂವಿನ ಎಸಳಿಟ್ಟು ಮಡಿಸಿ, ತಾನೇ ದಾರದ ಗಂಟು ಹಾಕಿ ತಟ್ಟೆಯಲ್ಲಿಟ್ಟಳು. ಆಮೇಲೆ ಸೀರೆ ಉಡಲು ಒಳಗೆ ಹೋದಳು. ಮೈದಾನದಲ್ಲಿ ಮಾಸ್ತರರು ಗಂಟಿನ ತುದಿಯನ್ನು ಹಗ್ಗಕ್ಕೆ ಸಿಕ್ಕಿಸಿ ಬಾವುಟವನ್ನು ಕಂಬದ ತುದಿಗೆ ಏರಿಸಿದರು. ಶಾಲೆಯ ಹುಡುಗಿಯರು ರಾಷ್ಟ್ರಗೀತೆಗೆ ಗಂಟಲು ಸರಿಮಾಡಿಕೊಂಡರು. ಕೌಸರ ಬಿಸ್ಮಿಲ್ಲಾ ಎಂದು ಹಗ್ಗ ಜಗ್ಗಿದಳು.

ಗಂಟಿನ ಕಿವಿ ಸರ್ರನೆ ಜಾರಿತು. ಬಾವುಟ ಬಿಚ್ಚಲಿಲ್ಲ.

ಮತ್ತೆ ಜಗ್ಗಿದಳು. ಮೇಲೆ ಬಾವುಟದ ಮಡಿಕೆ ಅಲುಗಾಡಿತೇ ಹೊರತು ಬಾಯಿ ಬಿಡಲಿಲ್ಲ. ಹಾಡಲು ಬಾಯಿ ತೆರೆದ ಹುಡುಗಿಯರು ಮುಚ್ಚಬೇಕೋ ಬೇಡವೋ ತಿಳಿಯದೆ ಹಾಗೇ ನಿಂತರು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಹಿರಿಯರೊಬ್ಬರು ಮುಸ್ತಾಕಗ ಕೊಡವಾ ಎಂದು ಮೆಲ್ಲಗೆ ಅಂದರು. ಮುಸ್ತಾಕನ ಕೈ ಆಗಲೇ ಹಗ್ಗದ ಹತ್ತಿರ ಬಂದಿತ್ತು. ಅವನ ಮುಖದಲ್ಲಿ ಗರ್ವವಿರಲಿಲ್ಲ, ಹೆಂಡತಿಯ ಮೇಲಿನ ಕನಿಕರವಿತ್ತು. ಕೌಸರಳಿಗೆ ಗರ್ವವನ್ನಾದರೂ ತಡೆದುಕೊಳ್ಳಬಹುದಿತ್ತು, ಆ ಕನಿಕರವನ್ನು ತಡೆದುಕೊಳ್ಳಲಾಗಲಿಲ್ಲ. ಕಣ್ಣು ತುಂಬಿ ಬಂತು. ಆದರೆ ಹಗ್ಗ ಬಿಡಲಿಲ್ಲ.

"ಬ್ಯಾಡ್ರಿ," ಎಂದಳು. "ನಾ ಇಳಸ್ತೇನಿ. ನಾನ ಏರಸ್ತೇನಿ."

ಬಾವುಟ ನೆಲಕ್ಕೆ ತಾಗದಂತೆ ಇಳಿಸಿ ಎರಡೂ ಕೈಯಲ್ಲಿ ಹಿಡಿದಳು. ಮೇಲಿನ ಜಾರುಗಂಟು ಬಿಚ್ಚಿ ಹೋಗಿತ್ತು, ಅದರ ಕೆಳಗೆ ಇನ್ನೊಂದಿತ್ತು. ಬೆರಳು ತಾಗಿದ ಕೂಡಲೇ ಅದು ಯಾವ ಗಂಟೆಂದು ಅವಳಿಗೆ ತಿಳಿಯಿತು. ಮದುವೆಯಾದಾಗಿನಿಂದ ಹೊಲದಲ್ಲಿ ಮಧ್ಯಾಹ್ನ ಅವಳು ಹಲ್ಲಿನಿಂದ ಬಿಚ್ಚುತ್ತ ಬಂದದ್ದು ಇದೇ ಗಂಟು. ತಲೆಯ ಮೇಲಿನಿಂದ ಬಿದ್ದರೂ ರೊಟ್ಟಿ ಪಲ್ಯ ಚೆಲ್ಲದಂತೆ ರೋಶನಬಿ ಕಟ್ಟುವ ಬುತ್ತಿಗಂಟು.

ರಾಷ್ಟ್ರಧ್ವಜಕ್ಕೆ ಹಲ್ಲು ಹಚ್ಚುವಂತಿಲ್ಲ. ಸೀರೆಯ ಪಿನ್ನು ತೆಗೆದು ಗಂಟು ಸಡಿಲಿಸಿದಳು. ಮಡಿಕೆಯೊಳಗೆ ಚೆಂಡುಹೂವಿನ ನಡುವೆ ಒಂದು ಬೊಗಸೆ ಉತ್ತತ್ತಿ ಇತ್ತು.

ಮಾಸ್ತರರಿಗೆ ಸಿಟ್ಟು ಬಂತು. ಎಸಳು ಬಿಟ್ಟು ಬೇರೇನೂ ಇಡಬಾರದೆಂದು ಬಡಕೊಂಡೆನಲ್ಲ, ಇದು ಯಾರ ಕೆಲಸ ಎಂದು ಕೇಳಿದರು. ಹೆಂಗಸರ ಸಾಲಿನಿಂದ ರೋಶನಬಿ ಸೆರಗು ಸರಿಮಾಡಿಕೊಳ್ಳುತ್ತ ತಾನೇ ಎದ್ದು ಬಂದಳು.

"ನಂದರಿ ಮಾಸ್ತರ. ಇಕಿ ಸೀರಿ ಉಡೂದ್ರಾಗ ಬಿಚ್ಚಿ ಇಟ್ನಿ. ಜಾರುಗಂಟಿಗೆ ಉತ್ತತ್ತಿ ಭಾರ ಆಗಿ ನಡುವ ಉದುರ್ಯಾವು ಅಂತ ಒಳಗೊಂದು ಗಂಟು ಹಾಕಿ, ಮ್ಯಾಲ ಇಕಿ ಹಾಕಿದಂಗ ಜಾರುಗಂಟು ಹಾಕಿದ್ನಿ," ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿದಳು. "ನಿಕಾದಾಗ ಉತ್ತತ್ತಿ ತೂರಿದ್ದು ನೀ ಮುಸ್ತಾಕನ ಹೇಣ್ತಿ ಆದಿ ಅಂತ. ನೀ ಅಧ್ಯಕ್ಷರಾದಾಗ ಯಾರೂ ತೂರಲಿಲ್ಲಲ್ಲವಾ. ಅದಕ್ಕ ತಂದ್ನಿ."

ಮೊದಲು ನಕ್ಕವರು ಮಾಸ್ತರರೇ. ಆ ನಗು ಹುಡುಗಿಯರಿಗೆ ಹಬ್ಬಿ, ಹಿರಿಯರಿಗೆ ಹಬ್ಬಿತು. ಕೌಸರ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ಇಷ್ಟು ದಿನ ಅತ್ತೆಯ ಮೌನಕ್ಕೆ ತಾನು ಕೊಟ್ಟ ಅರ್ಥ ನೆನೆದು ಅವಳಿಗೆ ನಾಚಿಕೆಯಾಯಿತು. ಉತ್ತತ್ತಿಯನ್ನು ಅತ್ತೆಯ ಸೆರಗಿಗೆ ಸುರಿದು, ಎಸಳಷ್ಟನ್ನೇ ಒಳಗಿಟ್ಟು, ಎಲ್ಲರೆದುರು ಮತ್ತೆ ಮಡಿಸಿ ಜಾರುಗಂಟು ಹಾಕಿ ತಾನೇ ಏರಿಸಿದಳು. ಈ ಸಲ ಹಗುರಾಗಿ ಜಗ್ಗಿದ ಕೂಡಲೇ ಬಾವುಟ ಬಿಚ್ಚಿಕೊಂಡಿತು, ಎಸಳು ಉದುರಿದವು. ಹುಡುಗಿಯರು ಅಷ್ಟು ಹೊತ್ತಿನಿಂದ ಹಿಡಿದಿಟ್ಟಿದ್ದ ರಾಷ್ಟ್ರಗೀತೆಯನ್ನು ಒಂದೇ ದನಿಯಲ್ಲಿ ಎತ್ತಿದರು. ಹಾಡು ಮುಗಿದ ಮೇಲೆ ರೋಶನಬಿ ಸೆರಗಿನಿಂದ ಉತ್ತತ್ತಿ ತೆಗೆದು ಸೊಸೆಯ ತಲೆಯ ಮೇಲೆ ತೂರಿದಳು. ಮಕ್ಕಳು ಆರಿಸಿಕೊಳ್ಳಲು ಮುಗಿಬಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಇಬ್ಬರಿಗೂ ಒಂದೇ ಮುಂಜಾನೆ ಕಾಲ ಬಂದದ್ದನ್ನು ಆ ಊರು ಅಂದು ನೋಡಿತು.

ಅಂದು ಮಧ್ಯಾಹ್ನ ಬಾಗಿಲಲ್ಲಿ ಯಾರೋ ಅಧ್ಯಕ್ಷರು ಅದಾರೇನ್ರಿ ಎಂದು ಕೂಗಿದರು. ಮುಸ್ತಾಕ ರೂಢಿಯಂತೆ ಅಂಗಿ ಹಾಕಿಕೊಂಡು ಹೊಸ್ತಿಲವರೆಗೆ ಹೋದವನು ಅಲ್ಲೇ ನಿಂತ.

"ಅದಾರ, ಕುಂಡ್ರಿ," ಎಂದ. "ಒಳಗ ಅದಾರ. ಕರೀತೇನಿ."