ರದ್ದಿಗೆ ಹೋದ ಪುಸ್ತಕಗಳು

"ಗ್ರಂಥಾಲಯ ವಿಜ್ಞಾನದ ಪುಸ್ತಕಕ್ಕೆ ಊರೆಲ್ಲ ಯಾಕೆ ಅಲೀತೀಯ? ನಾಳೆ ನಮ್ಮ ಕಾಲೇಜಿಗೆ ಬಾ. ನಾನಿಲ್ವಾ?"

ಊಟದ ಹೊತ್ತಿನಲ್ಲಿ ಅತ್ತೆ, ಮಾವ, ಗಂಡ ಎಲ್ಲರೆದುರು ಅವಳು ನಾದಿನಿಗೆ ಹೀಗೆ ಮಾತು ಕೊಟ್ಟಳು. ಅವಳು ಕಾಲೇಜೊಂದರ ಗ್ರಂಥಪಾಲಕಿ. ನಾದಿನಿ ಆಗಷ್ಟೇ ಅದೇ ಓದಿಗೆ ಸೇರಿ, ಪ್ರಬಂಧಕ್ಕೆ ಆಧಾರ ಗ್ರಂಥ ಸಿಗದೆ ಪರದಾಡುತ್ತಿದ್ದಳು.

ಮರುದಿನ ನಾದಿನಿ ಇಬ್ಬರು ಗೆಳತಿಯರನ್ನೂ ಕಟ್ಟಿಕೊಂಡು ಬಂದಳು. ಗ್ರಂಥಪಾಲಕಿ ಕ್ಯಾಟಲಾಗನ್ನೂ ನೋಡದೆ ಒಳಗಿನ ಸಾಲಿಗೆ ನಡೆದಳು. ಆ ಕಪಾಟಿನ ತುಂಬ ಪರೀಕ್ಷೆಯ ಗೈಡುಗಳು! ಆಗ ಅವಳಿಗೆ ನೆನಪಾಯಿತು. ಹೋದ ವರ್ಷ ಜಾಗ ಸಾಲದೆ, "ಇವನ್ನ ಯಾರು ಮುಟ್ತಾರೆ" ಎಂದು ಹಳೆಯದನ್ನೆಲ್ಲ ತೆಗೆಸಿದವಳು ಅವಳೇ. ಒಂದನ್ನೂ ಬಿಡಿಸಿ ನೋಡಿರಲಿಲ್ಲ.

"ಬೈಂಡಿಂಗಿಗೆ ಹೋಗಿವೆ ಕಣೇ," ಎಂದಳು.

ಏಣಿಯ ಮೇಲೆ ಧೂಳು ಹೊಡೆಯುತ್ತಿದ್ದ ಸಹಾಯಕ ಒಳ್ಳೆಯ ಮನಸ್ಸಿನಿಂದಲೇ ಬಾಯಿ ಹಾಕಿದ: "ಇಲ್ಲ ಮೇಡಂ, ಅವನ್ನ ರದ್ದಿಗೆ ಹಾಕಿಸಿದ್ರಲ್ಲ, ಮರೆತ್ರಾ?"

ಗೆಳತಿಯೊಬ್ಬಳು ನಗು ತಡೆಯಲಾರದೆ ಕೆಮ್ಮಿದಳು. ನಾದಿನಿ ಅವಳನ್ನು ಮೊಣಕೈಯಿಂದ ತಿವಿದಳು. "ಹೋಗ್ಲಿ ಬಿಡಿ ಅತ್ತಿಗೆ, ಬೇರೆ ಕಡೆ ನೋಡ್ತೀವಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅತ್ತಿಗೆಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ, ಆ ಮೆತ್ತಗಿನ ಮಾತು ಚುಚ್ಚಿತು. ಅರ್ಧ ದಿನ ರಜೆ ಹಾಕಿ, ಮೂವರನ್ನೂ ಬಸ್ಸಿನಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕರೆದೊಯ್ದಳು.

ಅಲ್ಲಿ ಮೇಜಿನ ಹಿಂದೆ ಅವಳಷ್ಟೇ ವಯಸ್ಸಿನ ಗ್ರಂಥಪಾಲಕಿ ಕೂತಿದ್ದಳು.

"ಗ್ರಂಥಾಲಯ ವಿಜ್ಞಾನ ಬೇಕಿತ್ತು. ಎಲ್ಲಿಂದ ಶುರು ಮಾಡ್ಬೇಕು ಗೊತ್ತಾಗ್ತಿಲ್ಲ," ಎಂದಳು ಅತ್ತಿಗೆ. ಈ ಸಲ ಹೇಳಿದ್ದು ನಿಜವೇ. ಕೆಲಸ ಸಿಕ್ಕ ಮೇಲೆ ಆ ವಿಷಯದ ಒಂದು ಪುಟವನ್ನೂ ಅವಳು ಓದಿರಲಿಲ್ಲ.

"ಮೊದ್ಲು ಆ ವಿಷಯದ ವಿಶ್ವಕೋಶ ನೋಡಿ. ಒಂದೊಂದು ಲೇಖನದ ಕೊನೇಲೂ ಮುಂದೆ ಓದೋಕೆ ಪುಸ್ತಕಗಳ ಹೆಸರಿರುತ್ತೆ. ಹೊಸದು ಬೇಕಂದ್ರೆ ಮಹಡಿ ಮೇಲೆ ಪತ್ರಿಕೆಗಳಿವೆ. ನೀವೂ ಓದ್ತಿದೀರಾ?"

"ಇವ್ರು ನಮ್ಮತ್ತಿಗೆ. ಗ್ರಂಥಪಾಲಕಿ," ನಾದಿನಿ ಹೆಮ್ಮೆಯಿಂದಲೇ ಹೇಳಿದಳು.

"ಹೌದಾ! ಯಾವ ಕಾಲೇಜು?"

"ಚಿಕ್ಕದೊಂದು," ಎಂದು ಗೊಣಗಿ ಅವಳು ಕಪಾಟಿನತ್ತ ಸರಿದಳು.

ಸಂಜೆಯವರೆಗೆ ನಾಲ್ವರೂ ಒಂದೇ ಮೇಜಿನಲ್ಲಿ ಕೂತರು. ಬೇಕಾದ್ದು ಸಿಕ್ಕಿತು. ನಡುವೆ ನಾದಿನಿ ದಪ್ಪ ಸಂಪುಟವೊಂದನ್ನು ಇತ್ತ ತಳ್ಳಿ, "ಈ ಭಾಗ ಸ್ವಲ್ಪ ಹೇಳ್ಕೊಡಿ ಅತ್ತಿಗೆ," ಎಂದಳು.

ಅವಳು ಓದಿದಳು. ಮತ್ತೊಮ್ಮೆ ಓದಿದಳು. ಏನಾದರೊಂದು ಹೇಳಿ ತೇಲಿಸಿಬಿಡಬಹುದಿತ್ತು.

"ನಂಗೂ ತಿಳೀಲಿಲ್ಲ ಕಣೇ," ಎಂದಳು ತಲೆ ಎತ್ತದೆ. "ಮೇಲಿಂದ ಓದು. ಇಬ್ರೂ ನೋಡೋಣ."