ಬೆಲ್ಲ ನೀರು ಮುಟ್ಟದವನು

ಬಂದವನು ಬೆಲ್ಲ ನೀರು ಮುಟ್ಟಲಿಲ್ಲ. ಲೋಲಾಕ್ಷಿಗೆ ಸಂಶಯ ಹತ್ತಿದ್ದು ಅಲ್ಲಿಂದಲೇ.

ನಾರಾವಿಯ ಆ ಮನೆಗೆ ನೆಂಟನೇ ಬರಲಿ, ಬಳೆಗಾರನೇ ಬರಲಿ, ಮೊದಲು ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು. ಶನಿವಾರ ಸಂಜೆ ಘಟ್ಟ ಇಳಿದು ಬಂದ ಜತ್ತಪ್ಪ ಮಾತ್ರ ಅಂಗಳದ ಅಂಚಿನಲ್ಲೇ ನಿಂತು, "ಸಂಸೆಯ ತೋಟದಿಂದ ಬಂದದ್ದು. ನಿಮ್ಮ ಸರಸಕ್ಕ ಹೆತ್ತಿದ್ದಾರೆ. ಹೆಣ್ಣು. ಬಾಣಂತನಕ್ಕೆ ತಂಗಿಯನ್ನು ಕಳಿಸಬೇಕಂತೆ" ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಜಗಲಿ ಹತ್ತಲಿಲ್ಲ. ಮಲಗಿದ್ದೂ ದನದ ಹಟ್ಟಿಯ ಆಚೆ, ಹುಲ್ಲಿನ ಮೆದೆಯ ಬುಡದಲ್ಲಿ. ಪೊರೆ ಬಂದ ಕಣ್ಣಿನ ಅಜ್ಜಿಗೆ ಇದೊಂದೂ ಕಾಣಲಿಲ್ಲ. ತಾಯಿಯಿಲ್ಲದ ಮೊಮ್ಮಗಳು ಸುಖವಾಗಿ ಹೆತ್ತಳೆಂಬುದೊಂದೇ ಕಿವಿಗೆ ಬಿದ್ದದ್ದು.

ಆದರೆ ಸಾವಿನ ಸುದ್ದಿ ತಂದವನು ಆ ಮನೆಯ ನೀರು ಕುಡಿಯುವುದಿಲ್ಲ ಎಂದು ಹೇಳಿಕೊಟ್ಟವಳೂ ಅಜ್ಜಿಯೇ. ಅವಳ ಕತೆಯೊಂದರಲ್ಲಿ ತಂಗಿಯೊಬ್ಬಳು ಅಣ್ಣನ ಮದುವೆಗೆಂದು ಮಲ್ಲಿಗೆ ಕಟ್ಟಿಕೊಂಡು ಏಳು ಗುಡ್ಡ ಹತ್ತುತ್ತಾಳೆ. ಕರೆಯಲು ಬಂದವನು ದಾರಿಯುದ್ದಕ್ಕೂ ಮದುವೆಯ ಮಾತೇ ಆಡುತ್ತಾನೆ. ಕೊನೆಗೆ ಆ ಮಲ್ಲಿಗೆ ಬೀಳುವುದು ಚಟ್ಟದ ಮೇಲೆ. ಚಿಕ್ಕಂದಿನಲ್ಲಿ ಲೋಲಾಕ್ಷಿ ಆ ಕತೆಗೆ ಅಳುತ್ತಿದ್ದದ್ದು ಸರಸಕ್ಕನ ಮಡಿಲಲ್ಲಿ ಮುಖ ಹುದುಗಿಸಿ.

ಭಾನುವಾರ ಬೆಳಕು ಹರಿಯುವ ಮೊದಲೇ ಹೊರಟರು. ಬಾಣಂತಿಯ ಮದ್ದಿಗೆಂದು ಅಜ್ಜಿ ಕಟ್ಟಿಕೊಟ್ಟ ಕಾಳುಮೆಣಸು, ಬೆಳ್ಳುಳ್ಳಿ, ಓಲೆಬೆಲ್ಲ, ತುಪ್ಪದ ಭರಣಿ, ಹಳೆಯ ಮೆತ್ತನೆ ಸೀರೆ ಎಲ್ಲ ಒಂದು ಗೋಣಿಯಲ್ಲಿತ್ತು. ಜತ್ತಪ್ಪ ಅದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ.

"ಅದನ್ನು ನಾನು ಮುಟ್ಟುವುದಿಲ್ಲ ತಂಗಿ. ತೆಂಗಿನಕಾಯಿ ಕೊಡಿ, ಇಪ್ಪತ್ತಾದರೂ ಹೊರುತ್ತೇನೆ."

ಮದ್ದು ತಿನ್ನುವವಳೇ ಇಲ್ಲವೆಂದು ಇವನಿಗೆ ಗೊತ್ತಿದೆ. ಲೋಲಾಕ್ಷಿ ತೆಂಗಿನಕಾಯಿಯ ಬುಟ್ಟಿಯನ್ನು ಅವನ ಮುಂದೆ ಇಟ್ಟಳು. ಗೋಣಿಯನ್ನು ಹಗ್ಗದಿಂದ ಬೆನ್ನಿಗೆ ಬಿಗಿದುಕೊಂಡು, "ನೀವು ಮುಂದೆ ನಡೀರಿ" ಎಂದಳು. ಮುಂದಿದ್ದರೆ ಕಣ್ಣಿಡಬಹುದು.

ಗದ್ದೆ ಮುಗಿದು ಕಾಡು ಶುರುವಾಯಿತು. ಕಾಡಿನೊಳಗೆ ಬಂಡೆಯ ಮೇಲೆ ಬಂಡೆ. ಬೇರು ಹಿಡಿದು ಹತ್ತಬೇಕು, ಕಾಲಿಗೆ ಹತ್ತಿದ ಇಂಬಳಕ್ಕೆ ಸುಣ್ಣ ತಾಗಿಸಬೇಕು, ಮತ್ತೆ ಹತ್ತಬೇಕು.

"ಮಗು ಯಾರ ಹಾಗೆ ಉಂಟು?" ಅವಳು ಮೊದಲ ಬಲೆ ಬೀಸಿದಳು.

"ನಾನು ನೋಡಲಿಲ್ಲ."

"ನೋಡದೆ ಸುದ್ದಿ ತಂದದ್ದಾ?"

"ನಿಮ್ಮ ಭಾವ ಜಗಲಿಯಿಂದ ಕೂಗಿ ಹೇಳಿದರು. ನಾನು ಬೇಲಿಯ ದಣಪೆಯ ಹೊರಗೆ ನಿಂತಿದ್ದೆ."

"ಅಕ್ಕನ ಸ್ವರವಾದರೂ ಕೇಳಿತಾ?"

ಅವನು ಕೆಮ್ಮಿದ. "ಬೇಗ ಬನ್ನಿ, ಬಿಸಿಲು ಏರಿದರೆ ಪಾರೆಕಲ್ಲು ಕಾಯುತ್ತದೆ."

ಬೇಗ ಯಾಕೆ? ಹೆತ್ತವಳು ಎಲ್ಲಿಗೂ ಓಡಿಹೋಗುವುದಿಲ್ಲ. ಹೆಣವಾದರೆ ಕಾಯುವುದಿಲ್ಲ. ಈಗ ಅವಳಿಗೆ ಅವನ ಗಡ್ಡವೂ ಕಂಡಿತು, ಎರಡು ಮೂರು ದಿನದ ಕುರುಚಲು. ತೊರೆಯ ಬಳಿ ಊಟಕ್ಕೆ ಕೂತಾಗ ಬಾಳೆಲೆಯ ಕಟ್ಟು ಬಿಚ್ಚಿ ಒಂದು ಪಾಲು ಅವನ ಕಡೆ ದೂಡಿದಳು. ಅವನು ದೂರ ಹೋಗಿ, ಹೆಗಲ ಮೇಲಿನ ಬೈರಾಸಿನ ಗಂಟಿನಿಂದ ಒಣ ಅವಲಕ್ಕಿ ಮುಕ್ಕಿ, ಬೊಗಸೆಯಲ್ಲಿ ತೊರೆಯ ನೀರು ಕುಡಿದ.

"ನಮ್ಮ ಅನ್ನದಲ್ಲಿ ಕಲ್ಲು ಉಂಟಾ ಜತ್ತಪ್ಪಣ್ಣ?"

"ಹಾಗಲ್ಲ ಮಾರಾಯ್ತಿ..." ಅವನು ಬೈರಾಸಿನ ಗಂಟು ಮತ್ತೆ ಬಿಗಿದ.

ಲೋಲಾಕ್ಷಿ ಬಾಳೆಲೆಯನ್ನು ಮತ್ತೆ ಮಡಚಿ ಕಟ್ಟಿದಳು. ಮಧ್ಯಾಹ್ನ ಕಳೆದು, ಕಾಡು ಮುಗಿದು, ಬೋಳು ಹುಲ್ಲಿನ ಏರು ಬಂತು. ಗಾಳಿ ಸೆರಗನ್ನು ಕಿತ್ತೊಯ್ಯುವ ಹಾಗೆ ಬೀಸುತ್ತಿತ್ತು. ನೆತ್ತಿಯಿಂದ ಆಚೆಗೆ ಇಳಿದರೆ ಸಂಸೆ. ಎರಡೂ ಕಡೆ ಒಂದೇ ರಾಜ್ಯವಾಗಿ ಎರಡು ವರ್ಷವಾದರೂ ಊರವರ ಬಾಯಲ್ಲಿ ಇನ್ನೂ ಘಟ್ಟದ ಆಚೆ ಮಾತ್ರ ಮೈಸೂರು. ಅಲ್ಲಿ ಅವಳು ಗೋಣಿ ಬಿಚ್ಚಿ ನೆಲಕ್ಕಿಟ್ಟಳು; ಬಂಡೆಯ ಮೇಲೆ ಕೂತುಬಿಟ್ಟಳು.

"ಇನ್ನು ಒಂದು ಹೆಜ್ಜೆ ಇಡುವುದಿಲ್ಲ. ನಿಜ ಹೇಳಿ. ಅಕ್ಕ ಸತ್ತಿದ್ದಾಳಲ್ಲ?"

ಜತ್ತಪ್ಪನ ತಲೆಯ ಮೇಲಿನ ಬುಟ್ಟಿ ವಾಲಿತು. ಎರಡು ಕಾಯಿ ಉರುಳಿ ಹುಲ್ಲಿನಲ್ಲಿ ಓಡಿದವು. ಅವನು ಅವುಗಳ ಹಿಂದೆ ಹೋಗಲಿಲ್ಲ.

"ಬಿಡ್ತು ಅನ್ನಿ! ಎಂಥ ಮಾತು ಅದು?"

"ಹಾಗಾದರೆ ಬೆಲ್ಲ ನೀರು ಯಾಕೆ ಮುಟ್ಟಲಿಲ್ಲ? ಮದ್ದಿನ ಗೋಣಿ ಯಾಕೆ ಹೊರಲಿಲ್ಲ? ಕೂಸಿನ ಮುಖವನ್ನೂ ನೋಡದವರು ನೀವು. ಸತ್ತದ್ದು ಯಾರು?"

ಅವನು ಬುಟ್ಟಿ ಇಳಿಸಿ ಕುಕ್ಕರಗಾಲಲ್ಲಿ ಕೂತ. ಹುಲ್ಲಿನ ಒಂದು ಎಸಳು ಕಿತ್ತ.

"ನಮ್ಮ ಅಮ್ಮ" ಎಂದ. "ಸೇಸಮ್ಮ. ನಿಮ್ಮ ಅಕ್ಕನ ಹೆರಿಗೆ ಮಾಡಿಸಿದವಳು ಅವಳೇ. ಗುರುವಾರ ರಾತ್ರಿ ಕೂಸನ್ನು ತೊಳೆದು ಕೊಟ್ಟು ಮನೆಗೆ ಬಂದಳು. 'ಹುಡುಗಿಗೆ ತಾಯಿ ಇಲ್ಲ ಮಗಾ, ನೀನು ಘಟ್ಟ ಇಳಿದು ತಂಗಿಯನ್ನು ಕರಕೊಂಡು ಬಾ' ಅಂದಳು. ಬೆಳಿಗ್ಗೆ ನೋಡುವಾಗ ಏಳಲಿಲ್ಲ. ಶುಕ್ರವಾರ ಸುಟ್ಟದ್ದು. ಸೂತಕದಲ್ಲಿ ಹೋಗುವುದು ಬೇಡ ಅಂದರು ನಿಮ್ಮ ಭಾವ. ಅಮ್ಮ ಹೇಳಿದ ಕಡೇ ಕೆಲಸ, ಬಿಡುವುದು ಹೇಗೆ? ಉತ್ತರಕ್ರಿಯೆಯ ಬೊಜ್ಜ ಆಗುವ ತನಕ ನಾನು ಸೂತಕದವ. ಬಾಣಂತಿಯ ಮದ್ದು ಮುಟ್ಟುವುದುಂಟಾ?"

"ಹೇಳಬಹುದಿತ್ತಲ್ಲ."

"ಹುಟ್ಟಿದ್ದನ್ನು ಹೇಳಲಿಕ್ಕೆ ಬಂದ ಬಾಯಿ ಅದು ತಂಗಿ. ಅದರಲ್ಲೇ ಇದನ್ನೂ ಹೇಗೆ ಹೇಳಲಿ?"

ಲೋಲಾಕ್ಷಿ ಅವನ ಕಣ್ಣನ್ನೇ ನೋಡಿದಳು. ಅಜ್ಜಿಯ ಕತೆಯಲ್ಲಿ ಕರೆಯಲು ಬಂದವನೂ ಚೆನ್ನಾಗಿ ಮಾತಾಡುತ್ತಿದ್ದ. ಸಂಶಯ ಇನ್ನೂ ಒಂದು ಎಳೆ ಉಳಿದಿತ್ತು. ಅವಳು ಗೋಣಿಗೆ ಕೈಹಾಕಿ ಓಲೆಬೆಲ್ಲ ಮುರಿದಳು, ತೊರೆಯಲ್ಲಿ ಚೊಂಬಿಗೆ ತುಂಬಿಕೊಂಡಿದ್ದ ನೀರನ್ನು ಅವನ ಮುಂದೆ ಹಿಡಿದಳು.

"ಕುಡೀರಿ."

"ಸೂತಕ ಅಂದೆನಲ್ಲ!"

"ಅಕ್ಕ ಹೆತ್ತದ್ದೇ ಹೌದಾದರೆ ನಮ್ಮ ಮನೆಗೂ ಹೆರಿಗೆಯ ಸೂತಕವೇ. ನಾನೂ ದೇವರ ದೀಪ ಮುಟ್ಟುವ ಹಾಗಿಲ್ಲ. ಸೂತಕದವಳು ಸೂತಕದವನಿಗೆ ಕೊಟ್ಟರೆ ಕೆಡುವುದು ಯಾರು? ಅಕ್ಕ ಬದುಕಿದ್ದರೆ ಕುಡೀರಿ."

ಜತ್ತಪ್ಪ ಅವಳನ್ನೂ ಚೊಂಬನ್ನೂ ಒಮ್ಮೆ ನೋಡಿದ. ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡ. ಚೊಂಬನ್ನು ಎತ್ತಿ ಗಟಗಟ ಕುಡಿದ. ಕುರುಚಲು ಗಡ್ಡದ ಅಡಿಯಲ್ಲಿ ಅವನ ಗಂಟಲು ಏರಿ ಇಳಿಯುವುದನ್ನು ಲೋಲಾಕ್ಷಿ ಉಸಿರು ಹಿಡಿದು ಎಣಿಸಿದಳು. ಚೊಂಬು ಖಾಲಿಯಾದಾಗ ಅವನ ಕೆನ್ನೆಯೂ ಒದ್ದೆಯಾಗಿತ್ತು.

ಅವಳು ಉರುಳಿದ ಕಾಯಿಗಳನ್ನು ಹುಡುಕಿ ತಂದು ಬುಟ್ಟಿಗೆ ಹಾಕಿದಳು. ಗೋಣಿಯನ್ನು ಮತ್ತೆ ಬೆನ್ನಿಗೆ ಬಿಗಿದುಕೊಂಡಳು.

"ದಾರಿ ಕಾಣುತ್ತದಲ್ಲ, ಇನ್ನು ನಾನೇ ಮುಂದೆ ಹೋಗುತ್ತೇನೆ" ಎಂದು, ಹಿಂದೆ ತಿರುಗಿ ನೋಡದೆ ಇಳಿಯತೊಡಗಿದಳು.